ಹಳೆಯ ಸ್ಪೋರ್ಟ್ಸ್ ಕಾರಿನ ಸವೆದ ಸೀಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ನನ್ನ ಬಳಿ ಒಂದು ಸ್ಯಾನ್ ಸ್ಟಾರ್ಮ್ ಇದೆ. 1990ರ ದಶಕದ ಕೊನೆಯಲ್ಲಿ ಪಕ್ಕದ ಗೋವಾದಲ್ಲಿ ತಯಾರಾಗತೊಡಗಿದ, ಫೈಬರ್‌ಗ್ಲಾಸ್ ಮೈಯ, ಎರಡೇ ಸೀಟಿನ ಕಾರು. ಅದರ ಸೀಟುಗಳನ್ನು ಎರಡು ಬಾರಿ ಬಿಚ್ಚಿ ಕಟ್ಟಿದ್ದೇನೆ. ಅಂದಿನಿಂದ ಸದಾಶಿವಗಡ, ಕುಮಟಾ, ಶಿರಸಿ ಕಡೆಯ ಗೆಳೆಯರು, ಅವರ ಗೆಳೆಯರು ಭೇಟಿಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ತಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಕೆಲಸ ನಡೆಯುತ್ತದೆ.

## ಮೊದಲು ಕೇಳುವ ಪ್ರಶ್ನೆಗಳು

ಕಾರೆಲ್ಲ ಸರಿಯಿದೆ, ಚಾಲಕನ ಸೀಟಿನ ಬಲ ಮಗ್ಗುಲೊಂದೇ ಹರಿದಿದೆ. ಹೀಗೇಕೆ?

ಸ್ಪೋರ್ಟ್ಸ್ ಕಾರಿನ ಸೀಟು ನೆಲಕ್ಕೆ ತೀರ ಹತ್ತಿರ. ಅದರಲ್ಲಿ ಕೂರುವುದು ಚಾಪೆಯ ಮೇಲೆ ಕೂತಂತೆ, ಏಳುವುದೂ ಚಾಪೆಯಿಂದ ಎದ್ದಂತೆ. ಬಾಗಿಲ ಕಡೆಯ ಮಗ್ಗುಲಲ್ಲಿ ಇರುವ ಉಬ್ಬಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ಜಾರುತ್ತೇವೆ. ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿದರೆ ವರ್ಷಕ್ಕೆ 3000 ಬಾರಿಯ ಹತ್ತಿರ ಅದೇ ಜಾಗ ಉಜ್ಜುತ್ತದೆ. ಪ್ಯಾಂಟಿನ ಜೇಬಿನ ಗುಂಡಿ, ಕೀಲಿ ಗೊಂಚಲು, ಬೆವರು ಸೇರಿಕೊಂಡರೆ ಹೊಲಿಗೆ ಎಷ್ಟು ದಿನ ತಾಳೀತು?

ಇಳಿಯುವ ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಎರಡೂ ಕಾಲುಗಳನ್ನು ಹೊರಗಿಟ್ಟು, ಕೈಯನ್ನು ಬಾಗಿಲ ಹೊಸ್ತಿಲಿಗೆ ಊರಿ ಏಳಿ. ಉಬ್ಬಿಗೆ ಕೈ ಊರಬೇಡಿ. ಈ ಅಭ್ಯಾಸಕ್ಕೆ ಒಂದು ಪೈಸೆ ಖರ್ಚಿಲ್ಲ, ಸೀಟಿನ ಆಯಸ್ಸು ಮಾತ್ರ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ದುರಸ್ತಿ ಮಾಡಿಸುವುದೋ, ಹೊಸ ಸೀಟನ್ನೇ ಹಾಕಿಸುವುದೋ?

ಚೌಕಟ್ಟು ಗಟ್ಟಿಯಿದ್ದರೆ ದುರಸ್ತಿ. ಇದು ನನ್ನ ಖಚಿತ ಅಭಿಪ್ರಾಯ. ಸ್ಟೀರಿಂಗ್, ಪೆಡಲ್, ಗೇರ್ ಕೋಲು, ಕನ್ನಡಿ ಇವೆಲ್ಲವುಗಳ ದೂರವನ್ನು ಆ ಸೀಟಿನ ಎತ್ತರಕ್ಕೆ ಹೊಂದಿಸಿ ಕಾರು ರೂಪಿಸಿರುತ್ತಾರೆ. ಬೇರೆ ಸೀಟು ಕೂರಿಸಿದರೆ ಎರಡು ಬೆರಳಿನಷ್ಟು ವ್ಯತ್ಯಾಸವೂ ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಸೊಂಟಕ್ಕೆ ತಿಳಿಯುತ್ತದೆ.

ಚೌಕಟ್ಟಿನ ಕೊಳವೆ ತುಕ್ಕಿನಿಂದ ತೂತಾಗಿದ್ದರೆ, ಒರಗನ್ನು ಹಿಡಿದಿಡುವ ಕೀಲು ಸಡಿಲಾಗಿದ್ದರೆ, ಹಳಿಯ ಹಲ್ಲು ಸವೆದು ಬ್ರೇಕ್ ಹಾಕಿದಾಗ ಸೀಟು ಸರಿಯುತ್ತಿದ್ದರೆ ಮಾತ್ರ ಬದಲಿಸುವ ಯೋಚನೆ ಮಾಡಿ. ಆಗಲೂ ಅದೇ ಮಾದರಿಯ ಹಳೆಯ ಸೀಟು ಸಿಗುವುದೇ ಎಂದು ಮೊದಲು ಹುಡುಕಿ.

ಹರಿದದ್ದರ ಮೇಲೆಯೇ ಸಿದ್ಧ ಕವರ್ ಹಾಕಿಬಿಟ್ಟರೆ ಸಾಲದೇ?

ಸಾಲದು. ನಮ್ಮ ಕರಾವಳಿಯಲ್ಲಂತೂ ಅದು ಹುಣ್ಣಿನ ಮೇಲೆ ಬಟ್ಟೆ ಸುತ್ತಿದಂತೆ. ಎರಡು ಪದರಗಳ ನಡುವೆ ತೇವ ಕೂತು ಒಣಗಲು ದಾರಿಯಿಲ್ಲದೆ ಒಳಗಿನ ಫೋಮ್ ಕೊಳೆಯುತ್ತದೆ. ಜೊತೆಗೆ, ಸಡಿಲ ಕವರ್ ತಿರುವಿನಲ್ಲಿ ಮೈಯೊಡನೆ ಜಾರುತ್ತದೆ.

ಸೀಟು ಬಿಚ್ಚುವುದು ನನ್ನಂಥವನಿಂದ ಆಗುತ್ತದೆಯೇ?

ಆಗುತ್ತದೆ. ಬಹುತೇಕ ಕಾರುಗಳಲ್ಲಿ ಒಂದು ಸೀಟಿಗೆ ನಾಲ್ಕು ಬೋಲ್ಟುಗಳು: ಹಳಿಯ ಮುಂದೆ ಎರಡು, ಹಿಂದೆ ಎರಡು. ನಮ್ಮ ಕಡೆಯ ತೊಂದರೆ ತುಕ್ಕು. ಹಿಂದಿನ ದಿನ ರಾತ್ರಿಯೇ ಬೋಲ್ಟುಗಳ ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಬಿಡಿ. ಪಾನಾ ಹಾಕಿ ಮೊದಲು ಚೂರು ಬಿಗಿಯುವ ಕಡೆಗೆ ತಿರುಗಿಸಿ, ‘ಟಕ್’ ಎಂದ ಮೇಲೆ ಸಡಿಲಿಸಿ. ಜಬರದಸ್ತಿ ಮಾಡಿದರೆ ಬೋಲ್ಟಿನ ತಲೆ ಕಿತ್ತು ಬರುತ್ತದೆ, ಆಮೇಲೆ ಅರ್ಧ ದಿನದ ಕೆಲಸ. ಸೀಟಿನ ಅಡಿಯಲ್ಲಿ ತಂತಿಗಳಿದ್ದರೆ ಎಲ್ಲಕ್ಕಿಂತ ಮೊದಲು ಬ್ಯಾಟರಿ ಸಂಪರ್ಕ ತೆಗೆಯಿರಿ. ಮೊಬೈಲಿನಲ್ಲಿ ಪ್ರತಿ ಹಂತದ ಚಿತ್ರ ತೆಗೆದಿಡಿ.

ಒಳಗೆ ಏನಿರುತ್ತದೆ? ಬಿಚ್ಚಲು ಹೆದರಿಕೆಯಾಗುತ್ತದೆ.

ನನ್ನ ಚಾಲಕನ ಸೀಟಿನಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಕವರಿನ ಅಂಚನ್ನು ಚೌಕಟ್ಟಿಗೆ ಬಿಗಿದಿದ್ದ ತಂತಿ ಉಂಗುರಗಳನ್ನು ಇಕ್ಕಳದಿಂದ ಹಿಡಿದರೆ ಹಲವು ಉಂಗುರಗಳು ಕತ್ತರಿಸುವ ಮೊದಲೇ ಕೆಂಪು ಪುಡಿಯಾಗಿ ಬೆರಳಿಗೆ ಅಂಟಿದವು. ಕವರ್ ಎತ್ತಿದಾಗ ಹಳದಿ ಫೋಮ್ ಕಡಲೆಹಿಟ್ಟಿನಂತೆ ಉದುರಿತು. ಅದರ ಕೆಳಗಿನ ಗೋಣಿಬಟ್ಟೆ ಕಪ್ಪಾಗಿ, ಸ್ಪ್ರಿಂಗ್ ತಾಗಿದಲ್ಲೆಲ್ಲ ಗೆರೆ ಗೆರೆಯಾಗಿ ಹರಿದಿತ್ತು. ಮೂಲೆಯಲ್ಲಿ ಒಂದು ಬೊಗಸೆ ಕಡಲ ಮರಳು. ಆ ಮರಳು ಉಪ್ಪಿನ ತೇವ ಹಿಡಿದುಕೊಂಡು ವರ್ಷಗಟ್ಟಲೆ ಚೌಕಟ್ಟಿನ ಆ ಮೂಲೆಯನ್ನು ತಿಂದಿತ್ತು. ಬೀಚಿನಿಂದ ಬಂದವರು ಒದ್ದೆ ಬಟ್ಟೆಯಲ್ಲಿ ಸೀಟಿನಲ್ಲಿ ಕೂರಬಾರದು ಎಂದು ನಾನು ಅಷ್ಟು ಒತ್ತಿ ಹೇಳುವುದು ಅದನ್ನು ಕಣ್ಣಾರೆ ಕಂಡ ಮೇಲೆ.

ಕಟ್ಟೋಣ ಹೆಚ್ಚು ಕಡಿಮೆ ಎಲ್ಲ ಕಾರಿನಲ್ಲೂ ಇದೇ: ಉಕ್ಕಿನ ಚೌಕಟ್ಟು, ಅದಕ್ಕೆ ಹಾವಿನಂತೆ ಬಳುಕಿದ ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ, ಅದರ ಮೇಲೆ ಗೋಣಿ ಅಥವಾ ದಪ್ಪ ಬಟ್ಟೆ, ಆಮೇಲೆ ಫೋಮ್, ಕೊನೆಗೆ ಹೊದಿಕೆ. ಹೊದಿಕೆಯ ಒಳಭಾಗದಲ್ಲಿ ಸಣ್ಣ ಕೊಳವೆಯಂತೆ ಹೊಲಿದ ಬಟ್ಟೆಯೊಳಗೆ ತಂತಿ ಇರುತ್ತದೆ. ಸೀಟಿನ ಗುಳಿ, ಗೆರೆಗಳನ್ನು ಒಳಕ್ಕೆ ಎಳೆದು ಹಿಡಿಯುವುದು ಆ ತಂತಿ. ಅವನ್ನು ಎಸೆಯಬೇಡಿ, ಬಗ್ಗಿಸಲೂ ಬೇಡಿ.

## ಹೊದಿಕೆ

ಚರ್ಮ, ರೆಕ್ಸಿನ್, ಬಟ್ಟೆ: ನಮ್ಮ ಮಳೆಗೆ ಯಾವುದು ಸರಿ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಅತಿ ಹೆಚ್ಚು ದುಡ್ಡು ನೀರಿಗೆ ಹೋಗುವುದೂ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಂಗಡಿಯಲ್ಲಿ ‘ಲೆದರ್’ ಎಂದು ತೋರಿಸುವುದರಲ್ಲಿ ಮೂರು ಜಾತಿ. ಒಂದು, ನಿಜವಾದ ಚರ್ಮ. ಎರಡು, ಪಿವಿಸಿ ಲೇಪಿಸಿದ ಬಟ್ಟೆ. ನಾವು ರೆಕ್ಸಿನ್ ಎನ್ನುವುದು ಸಾಮಾನ್ಯವಾಗಿ ಇದನ್ನೇ. ಮೂರು, ಪಾಲಿಯುರೆಥೇನ್ ಲೇಪಿಸಿದ ಬಟ್ಟೆ, ಅಂದರೆ ಪಿಯು. ಅಂಗಡಿಯ ಬೆಳಕಿನಲ್ಲಿ ಮುಟ್ಟಿ ನೋಡಿದರೆ ಪಿಯು ಎಲ್ಲಕ್ಕಿಂತ ಮೃದು, ಚರ್ಮಕ್ಕೆ ಅತಿ ಹತ್ತಿರ. ಮೊದಲ ಬಾರಿ ನಾನು ಮರುಳಾದದ್ದು ಅದಕ್ಕೇ. ಹೊಲಿಸಿಕೊಟ್ಟ ಅಂಗಡಿಯವರು ಹತ್ತು ವರ್ಷಕ್ಕೆ ಚಿಂತೆಯಿಲ್ಲ ಎಂದಿದ್ದರು. ಮೂರನೆಯ ಮಳೆಗಾಲ ಮುಗಿಯುವಾಗ ಒರಗಿನ ಮೇಲ್ಭಾಗ ಬಿಸಿಲಿಗೆ ಸುಟ್ಟ ಬೆನ್ನಿನ ಸಿಪ್ಪೆಯಂತೆ ಏಳತೊಡಗಿತು. ಬಿಳಿ ಅಂಗಿ ಹಾಕಿ ಕೂತರೆ ಬೆನ್ನ ತುಂಬ ಕಪ್ಪು ಚೂರು.

ಕಾರಣ ಸರಳ. ಗಾಳಿಯಲ್ಲಿನ ನೀರಿನ ಆವಿ ಪಾಲಿಯುರೆಥೇನ್‌ನ ಅಣುಸರಪಳಿಯನ್ನು ನಿಧಾನವಾಗಿ ತುಂಡರಿಸುತ್ತದೆ. ಇದನ್ನು ಜಲವಿಭಜನೆ ಎನ್ನುತ್ತಾರೆ. ಸೆಖೆ ಹೆಚ್ಚಿದಷ್ಟೂ ವೇಗ ಹೆಚ್ಚು. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಕಾರನ್ನು ಮುಟ್ಟದೆ ಮನೆಯಲ್ಲೇ ನಿಲ್ಲಿಸಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಪಾಲಿಕಾರ್ಬೊನೇಟ್ ಆಧಾರದ ಪಿಯು ಹೆಚ್ಚು ತಾಳುತ್ತದೆ, ಆದರೆ ಅದು ಹಾಗೆಯೇ ಎಂದು ಲಿಖಿತವಾಗಿ ಕೊಡುವವರಿಂದ ಮಾತ್ರ ಕೊಳ್ಳಿ.

ಪಿವಿಸಿಗೆ ನೀರಿನ ಭಯವಿಲ್ಲ. ಅದರ ಶತ್ರು ಬಿಸಿಲು. ಮೃದುವಾಗಿರಲು ಬೆರೆಸಿದ ಎಣ್ಣೆಯಂಥ ದ್ರವ್ಯ ವರ್ಷಗಳಲ್ಲಿ ಹೊರಬಂದು ಅದು ಗಡುಸಾಗಿ ಬಿರುಕು ಬಿಡುತ್ತದೆ. ನೆರಳಲ್ಲಿ ನಿಲ್ಲುವ ಕಾರಿಗೆ ಕರಾವಳಿಯಲ್ಲಿ ಒಳ್ಳೆಯ ದಪ್ಪ ಪಿವಿಸಿಯೇ ಅತ್ಯಂತ ನೆಚ್ಚಿಕೆಯ ಆಯ್ಕೆ. ಎರಡನೆಯ ಬಾರಿ ನಾನು ಹಾಕಿಸಿದ್ದು ಅದನ್ನೇ: ಮೈ ತಾಗುವ ನಡುಭಾಗಕ್ಕೆ ಗಾಳಿಯಾಡುವ ನೆಯ್ದ ಬಟ್ಟೆ, ಉಬ್ಬುಗಳಿಗೆ ಪಿವಿಸಿ. ಏಪ್ರಿಲ್ ಸೆಖೆಯಲ್ಲೂ ಬೆನ್ನು ಅಂಟುವುದಿಲ್ಲ.

ನಿಜವಾದ ಚರ್ಮ ಉಸಿರಾಡುತ್ತದೆ, ಹರಿದರೆ ತೇಪೆ ಹಾಕಬಹುದು, ವಯಸ್ಸಾದಷ್ಟೂ ಚೆಲುವು. ಆದರೆ ಅದು ದಿನವೂ ಗಮನ ಕೇಳುತ್ತದೆ. ವಾರಕ್ಕೊಮ್ಮೆಯಾದರೂ ಕಾರು ಓಡಿಸುವವರು, ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟು ಗಾಳಿಯಾಡಿಸುವ ತಾಳ್ಮೆ ಇರುವವರು ಮಾತ್ರ ಹಾಕಿಸಿ.

ಅಸಲಿ ಚರ್ಮದ ಸೀಟು, ಹರಿದಿಲ್ಲ, ಬಿರುಕು ಬಿಟ್ಟು ಬಣ್ಣ ಹೋಗಿದೆ. ಉಳಿಸಬಹುದೇ?

ಖಂಡಿತ ಉಳಿಸಿ. ಕೊಳೆ ಮತ್ತು ಹಳೆಯ ಪಾಲಿಶನ್ನು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. 600ರಿಂದ 1000 ನಂಬರಿನ ನಯವಾದ ಮರಳುಕಾಗದದಿಂದ ಬಿರುಕಿನ ಅಂಚುಗಳನ್ನು ಹಗುರವಾಗಿ ಉಜ್ಜಿ. ಚರ್ಮಕ್ಕೆಂದೇ ತಯಾರಿಸಿದ, ಬಾಗಿದರೂ ಒಡೆಯದ ಫಿಲ್ಲರ್ ಅನ್ನು ತೆಳುವಾಗಿ ಹಲವು ಪದರ ಹಚ್ಚಿ, ಪ್ರತಿ ಪದರವನ್ನೂ ಒಣಗಿಸಿ. ಆಮೇಲೆ ನೀರಿನ ಆಧಾರದ ಚರ್ಮದ ಬಣ್ಣ, ಅದರ ಮೇಲೆ ರಕ್ಷಕ ಲೇಪ. ಬೂಟಿನ ಪಾಲಿಶ್ ಹಚ್ಚಬೇಡಿ, ಅದು ಬಟ್ಟೆಗೆ ಇಳಿಯುತ್ತದೆ.

ಚರ್ಮ ಗಟ್ಟಿಯಾಗಿ ರಟ್ಟಿನಂತಾಗಿದ್ದರೆ, ಉಗುರಿನಿಂದ ಎಳೆದರೆ ಹಾಳೆಯಂತೆ ಹರಿಯುತ್ತಿದ್ದರೆ ಯಾವ ಎಣ್ಣೆಯೂ ಅದಕ್ಕೆ ಜೀವ ಕೊಡದು. ಆ ತುಂಡನ್ನಷ್ಟೇ ಬದಲಿಸಿ, ಉಳಿದದ್ದನ್ನು ಹಾಗೇ ಇಡಿ. ಬಣ್ಣ ಚೂರು ಬೇರೆಯಾದರೂ ಹಳೆಯ ಚರ್ಮ ಉಳಿದ ಸೀಟೇ ನನ್ನ ಕಣ್ಣಿಗೆ ಹೆಚ್ಚು ಚೆಂದ.

ಜುಲೈ ಬಂತೆಂದರೆ ಸೀಟಿನ ಮೇಲೆ ಬಿಳಿ ಬೂಷ್ಟು. ಏನು ಮಾಡಲಿ?

ಕಾರನ್ನು ಹೊರಗೆ ತಂದು, ಒಣ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಿರಿ. ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಮಪಾಲು ಬೆರೆಸಿ, ಮರೆಯಾದ ಜಾಗದಲ್ಲಿ ಬಣ್ಣ ಹೋಗುವುದಿಲ್ಲವೆಂದು ಖಚಿತಪಡಿಸಿಕೊಂಡು, ಹಗುರವಾಗಿ ಒರೆಸಿ. ನೆರಳಿನ ಗಾಳಿಯಲ್ಲಿ ಒಣಗಿಸಿ. ಬೂಷ್ಟಿಗೆ ಊಟ ನಮ್ಮ ಬೆವರು ಮತ್ತು ಕೊಳೆ, ಆದ್ದರಿಂದ ಮೇ ಕೊನೆಯಲ್ಲೇ ಸೀಟು ತೊಳೆದು ಒಣಗಿಸಿದರೆ ಅರ್ಧ ಕಾಟ ತಪ್ಪುತ್ತದೆ. ಟಾಪ್ ತೆಗೆಯುವ ಕಾರಾದರೆ ಬಾಗಿಲ ರಬ್ಬರ್ ಬೀಡಿಂಗನ್ನು ಅದೇ ಹೊತ್ತಿಗೆ ನೋಡಿ. ಮೈಮುಚ್ಚುವ ಪ್ಲಾಸ್ಟಿಕ್ ಕವರ್ ಹಾಕಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

## ಒಳಗಿನ ಕೆಲಸ

ಫೋಮ್ ಎಷ್ಟು ಡೆನ್ಸಿಟಿಯದು ಹಾಕಬೇಕು?

ಕೂರುವ ಮೆತ್ತೆಗೆ 40, ಒರಗಿಗೆ 32. ಈ ಸಂಖ್ಯೆಯ ಅರ್ಥ ಒಂದು ಘನ ಮೀಟರ್ ಫೋಮ್‌ನ ತೂಕ ಅಷ್ಟು ಕಿಲೊ ಎಂದು. ಡೆನ್ಸಿಟಿ ಬೇರೆ, ಗಡಸುತನ ಬೇರೆ. 40ರಲ್ಲೂ ಮೃದುವಾದದ್ದು, ಗಟ್ಟಿಯಾದದ್ದು ಎರಡೂ ಸಿಗುತ್ತದೆ. ಡೆನ್ಸಿಟಿ ಹೆಚ್ಚಿದ್ದರೆ ಬೇಗ ಕುಗ್ಗುವುದಿಲ್ಲ, ಅಷ್ಟೇ. ಮಗ್ಗುಲ ಉಬ್ಬುಗಳಿಗೆ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಫೋಮ್ ಹಾಕಿಸಿ, ಮೇಲೆ ಒಂದು ತೆಳು ಮೃದು ಪದರ ಇರಲಿ.

ಅಚ್ಚಿನಲ್ಲಿ ಎರಕ ಹೊಯ್ದ ಮೂಲ ಫೋಮ್ ಇನ್ನೂ ಗಟ್ಟಿಯಿದ್ದು ಬರೀ ಕುಗ್ಗಿದ್ದರೆ ಅದನ್ನು ಎಸೆಯಲೇಬೇಡಿ. ಇಸ್ತ್ರಿಯ ಆವಿಯನ್ನು ಸ್ವಲ್ಪ ದೂರದಿಂದ ಕೊಟ್ಟರೆ ಅದು ಹಿಗ್ಗಿ ಮೊದಲ ಆಕಾರಕ್ಕೆ ಬಹಳಷ್ಟು ಮರಳುತ್ತದೆ. ಸವೆದ ಮೂಲೆಯನ್ನಷ್ಟೇ ಕತ್ತರಿಸಿ ಹೊಸ ತುಂಡು ಅಂಟಿಸಿ, ಗರಗಸದ ಅಲಗಿನಿಂದ ಕೆತ್ತಿ ಸಮ ಮಾಡಬಹುದು.

ನಮ್ಮಲ್ಲಿ ತೆಂಗಿನ ನಾರು ಬೇಕಾದಷ್ಟಿದೆ. ಫೋಮ್ ಬದಲು ಅದನ್ನೇ ತುಂಬಿದರೆ?

ಬಿಡಿ ನಾರು ಬೇಡ, ಗಂಟು ಕಟ್ಟುತ್ತದೆ. ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ನಾರಿನ ಹಾಳೆ ಆದರೆ ಒಳ್ಳೆಯದೇ. ಹಿಂದಿನ ಕಾರುಗಳ ಸೀಟಿನಲ್ಲಿ ಅದು ಇದ್ದದ್ದೇ. ಗಾಳಿಯಾಡುತ್ತದೆ, ಸ್ಪ್ರಿಂಗ್ ಮತ್ತು ಫೋಮ್‌ನ ನಡುವೆ ಗೋಣಿಯ ಬದಲು ತೆಳುವಾಗಿ ಹಾಸಿದರೆ ಫೋಮ್ ಬೇಗ ಹರಿಯದು.

ನನ್ನದು ಎಂಜಿಬಿ. ಕೂತರೆ ನೆಲಕ್ಕೇ ಇಳಿದಂತಾಗುತ್ತದೆ.

1962ರಿಂದ 1980ರವರೆಗೆ ತಯಾರಾದ ಆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮೆತ್ತೆಯ ಕೆಳಗೆ ಹಿಗ್ಗುವ ರಬ್ಬರ್ ಇದೆ, ಕೊಕ್ಕೆಗಳಿಂದ ಚೌಕಟ್ಟಿಗೆ ಸಿಕ್ಕಿಸಿರುತ್ತದೆ. ಅರ್ಧ ಶತಮಾನದ ಮೇಲೆ ರಬ್ಬರ್ ಜೋತುಬೀಳುವುದು ಸಹಜ. ಫೋಮ್ ದಪ್ಪ ಮಾಡಿ ಅದನ್ನು ಸರಿಪಡಿಸಲು ಹೊರಟವರನ್ನು ಕಂಡಿದ್ದೇನೆ. ತಲೆ ಟಾಪಿಗೆ ತಾಗುತ್ತದೆ, ತೊಡೆ ಸ್ಟೀರಿಂಗಿಗೆ ತಾಗುತ್ತದೆ, ಆದರೂ ನಡು ಕುಸಿಯುತ್ತದೆ. ರಬ್ಬರನ್ನೇ ಬದಲಿಸಿ. ಈ ಕಾರಿನ ಸೀಟಿನ ರಬ್ಬರ್, ಫೋಮ್, ಹೊದಿಕೆ ಎಲ್ಲವೂ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಹಳೆಯ ಸ್ಪೋರ್ಟ್ಸ್ ಕಾರಿಟ್ಟವರಲ್ಲಿ ನೀವು ಭಾಗ್ಯವಂತರು.

ನಾನು ಎತ್ತರದ ಆಳು, ತಲೆ ಟಾಪಿಗೆ ಬಡಿಯುತ್ತದೆ. ಸೀಟು ತಗ್ಗಿಸಬಹುದೇ?

ಮೆತ್ತೆಯ ಫೋಮ್‌ನ ಅಡಿಭಾಗದಿಂದ ಎರಡು ಸೆಂಟಿಮೀಟರ್ ಕತ್ತರಿಸಿ ತೆಗೆಯುವುದು ಸುರಕ್ಷಿತ. ಮೇಲ್ಮೈಯನ್ನು ಮುಟ್ಟಬೇಡಿ. ತೆಗೆದ ತುಂಡನ್ನು ಜೋಪಾನವಾಗಿಡಿ. ಹಳಿಯ ಕಾಲು ಕತ್ತರಿಸಿ ತಗ್ಗಿಸುವ ಸಲಹೆಗೆ ಕಿವಿಗೊಡಬೇಡಿ.

ದಾರದ ಬಗ್ಗೆ ಯಾರೂ ಹೇಳುವುದಿಲ್ಲ. ಯಾವುದು ಬಳಸಬೇಕು?

ನಾನು ನೋಡಿದ ಸೀಟುಗಳಲ್ಲಿ ಬಟ್ಟೆಗಿಂತ ಮೊದಲು ಸೋತದ್ದು ದಾರವೇ. ಹತ್ತಿಯ ದಾರ ನಮ್ಮ ತೇವಕ್ಕೆ ಕೊಳೆಯುತ್ತದೆ. ನೈಲಾನ್ ಗಟ್ಟಿ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಟಾಪ್ ತೆರೆದು ಓಡಿಸುವ ಕಾರಿಗೆ ಪಾಲಿಯೆಸ್ಟರ್‌ನ ದಪ್ಪ ದಾರವೇ ಸರಿ. ಹೊಲಿಗೆ ಒಂದಂಗುಲಕ್ಕೆ ಆರರಿಂದ ಎಂಟು ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿಯೆಂದು ಹಲವರ ನಂಬಿಕೆ. ರೆಕ್ಸಿನ್, ಚರ್ಮಗಳಲ್ಲಿ ಇದು ತಿರುಗುಮುರುಗು: ಸೂಜಿಯ ತೂತುಗಳು ಸಾಲಾಗಿ ಹತ್ತಿರ ಬಂದು ಅಂಚೆಚೀಟಿಯಂತೆ ಅಲ್ಲೇ ಹರಿಯುತ್ತದೆ.

ಚೌಕಟ್ಟು ತುಕ್ಕು ಹಿಡಿದಿದೆ. ಬಣ್ಣ ಹೊಡೆದರೆ ಸಾಕೇ?

ತಂತಿ ಬ್ರಶ್ಶಿನಿಂದ ಲೋಹ ಕಾಣುವವರೆಗೆ ಉಜ್ಜಿ, ಸುತ್ತಿಗೆಯ ಹಿಡಿಯಿಂದ ಕೊಳವೆಯುದ್ದಕ್ಕೂ ತಟ್ಟಿ. ಖಣಿಲು ಬಂದರೆ ಗಟ್ಟಿ, ಮಂಕು ಸದ್ದು ಬಂದಲ್ಲಿ ಒಳಗಿಂದ ತಿಂದಿದೆ. ಗಟ್ಟಿಯಿದ್ದರೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತುಕ್ಕು ತಡೆಯುವ ಪ್ರೈಮರ್ ಎರಡು ಕೈ, ಮೇಲೆ ಬಣ್ಣ. ಉಪ್ಪು ಉಳಿದರೆ ಬಣ್ಣದ ಅಡಿಯಲ್ಲೇ ತುಕ್ಕು ಮತ್ತೆ ಏಳುತ್ತದೆ. ಹೊಸ ಉಂಗುರಗಳು ಸ್ಟೇನ್‌ಲೆಸ್ ಸ್ಟೀಲಿನವು ಇರಲಿ.

ಆದರೆ ಸೀಟನ್ನು ನೆಲಕ್ಕೆ ಬಿಗಿಯುವ ಬೋಲ್ಟುಗಳಿಗೆ ಸ್ಟೇನ್‌ಲೆಸ್ ಬೇಡ. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ತಲೆಯ ಮೇಲೆ 8.8 ಎಂದು ಬರೆದ ಉಕ್ಕಿನ ಬೋಲ್ಟಿಗಿಂತ ದುರ್ಬಲ. ಅಪಘಾತದಲ್ಲಿ ಸೀಟನ್ನು, ಕೆಲವು ಕಾರುಗಳಲ್ಲಿ ಬೆಲ್ಟಿನ ಕೊಂಡಿಯನ್ನೂ ಹಿಡಿದಿಡುವುದು ಅವೇ ನಾಲ್ಕು ಬೋಲ್ಟುಗಳು. ಬಿರುಕು ಬಿಟ್ಟ ಚೌಕಟ್ಟನ್ನು ಗೇಟು, ಕಿಟಕಿ ಬೆಸೆಯುವವರ ಕೈಗೆ ಕೊಡಬೇಡಿ.

## ಸೀಟನ್ನೇ ಬದಲಿಸುವವರಿಗೆ

ರೇಸಿಂಗ್ ಬಕೆಟ್ ಸೀಟು ಹಾಕಿಸಬೇಕೆಂಬ ಆಸೆ. ದಿನಬಳಕೆಗೆ ಆದೀತೇ?

ಬಾಗದ ಒರಗಿನ ಬಕೆಟ್ ಸೀಟು ಹೆಲ್ಮೆಟ್, ನಾಲ್ಕು ಅಥವಾ ಆರು ಪಟ್ಟಿಯ ಬೆಲ್ಟ್, ಉರುಳಿದರೆ ಕಾಯುವ ಉಕ್ಕಿನ ಪಂಜರ ಇವೆಲ್ಲದರ ಜೊತೆಗೆ ಕೆಲಸ ಮಾಡುವ ವಸ್ತು. ಪಂಜರವಿಲ್ಲದ ತೆರೆದ ಕಾರಿನಲ್ಲಿ ರೇಸಿಂಗ್ ಬೆಲ್ಟ್ ಬಿಗಿದುಕೊಂಡರೆ, ಕಾರು ಉರುಳಿದಾಗ ಮೈ ಬಗ್ಗಲಾಗದೆ ತಲೆಯೇ ನೆಲಕ್ಕೆ ತಾಗುತ್ತದೆ. ಸ್ಪರ್ಧೆಗೆಂದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ 8855-1999 ಮಾನದಂಡದ ಮಾನ್ಯತೆ ಪಡೆದ ಸೀಟಿಗೂ ತಯಾರಾದ ದಿನದಿಂದ ಐದು ವರ್ಷದ ಅವಧಿಯಿದೆ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವಾಗ ಚೀಟಿಯ ದಿನಾಂಕ ನೋಡಿ.

ದಿನಬಳಕೆಗೆ ಬೇಕಾದದ್ದು ಒರಗು ಬಾಗುವ ಸ್ಪೋರ್ಟ್ಸ್ ಸೀಟು, ಮೂರು ಬಿಂದುವಿನ ಮಾಮೂಲಿ ಬೆಲ್ಟಿಗೆ ಹೊಂದುವಂಥದ್ದು. ಕಾರಿನ ಮೈ ಕಟ್ಟುತ್ತಿದ್ದ ಸ್ಟಟ್‌ಗಾರ್ಟ್‌ನ ರಾಯ್ಟರ್ ಕಂಪನಿಯಿಂದ 1963ರಲ್ಲಿ ಹುಟ್ಟಿದ ರೆಕಾರೊ ಹೆಸರು ಮಾಡಿದ್ದು ಇಂಥ ಸೀಟುಗಳಿಂದಲೇ.

ಬೇರೆ ಕಾರಿನ ಸೀಟು ಕೂರಿಸುವಾಗ ಏನೇನು ಅಳೆಯಬೇಕು?

ನೆಲದ ತೂತುಗಳ ನಡುವಿನ ಅಗಲ ಮತ್ತು ಉದ್ದ, ಬಾಗಿಲಿಗೂ ನಡುದಿಬ್ಬಕ್ಕೂ ಇರುವ ಅಂತರ, ನೆಲದಿಂದ ಕೂರುವ ಮಟ್ಟದ ಎತ್ತರ. ನಾಲ್ಕನೆಯದನ್ನು ಜನ ಮರೆಯುತ್ತಾರೆ: ಬೆಲ್ಟ್ ಭುಜದಿಂದ ಕೆಳಗಿನ ಜಾಗದಲ್ಲಿ ಹುಟ್ಟಿ ಮೇಲೇರುವಂತಾಗಬಾರದು. ಫೈಬರ್‌ಗ್ಲಾಸ್ ಮೈಯ ಕಾರಾದರೆ ಬರೀ ಫೈಬರ್ ನೆಲಕ್ಕೆ ಹೊಸ ತೂತು ಕೊರೆದು ಬಿಗಿಯಬೇಡಿ. ಭಾರ ಹೊರಬೇಕಾದದ್ದು ಕೆಳಗಿನ ಉಕ್ಕು.

ಏರ್‌ಬ್ಯಾಗ್ ಇರುವ ಸೀಟಿಗೆ ಹೊಸ ಹೊದಿಕೆ ಹೊಲಿಸಬಹುದೇ?

ಒರಗಿನ ಮಗ್ಗುಲಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ ಊರಿನ ಹೊಲಿಗೆಗೆ ಕೊಡಬೇಡಿ. ಅಲ್ಲಿನ ಹೊಲಿಗೆ ಕ್ಷಣದಲ್ಲಿ ಬಿಚ್ಚಿಕೊಳ್ಳಲೆಂದೇ ಬೇರೆ ದಾರದಲ್ಲಿ ಹೊಲಿದಿರುತ್ತದೆ. ಗಟ್ಟಿ ದಾರ ಹಾಕಿದರೆ ಏರ್‌ಬ್ಯಾಗ್ ಸರಿಯಾಗಿ ಹೊರಬರದು.

ಸೀಟು ಬದಲಿಸಿದರೆ ಆರ್‌ಟಿಒ ತಕರಾರು ಬರುತ್ತದೆಯೇ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂಥ ಮಾರ್ಪಾಟನ್ನು ತಡೆಯುತ್ತದೆ. ಆಸನಗಳ ಸಂಖ್ಯೆ ಆ ವಿವರಗಳಲ್ಲಿ ಒಂದು. ಎರಡಿದ್ದದ್ದನ್ನು ಮೂರು ಮಾಡಬೇಡಿ. ಹೊದಿಕೆ, ಫೋಮ್ ಬದಲಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲ. ಬೇರೆ ಮಾದರಿಯ ಸೀಟು ಕೂರಿಸುವ ಮೊದಲು ಕಚೇರಿಯಲ್ಲಿ ಕೇಳಿಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ.

ಈ ಕೆಲಸವನ್ನು ಯಾರಿಗೆ ಕೊಡಲಿ, ಯಾವ ತಿಂಗಳಲ್ಲಿ?

ಸಿದ್ಧ ಕವರ್ ಮಾರುವ ಹೊಳೆಯುವ ಅಂಗಡಿಗಿಂತ, ಬಸ್ಸಿನ ಸೀಟು, ಆಟೊ ಹುಡ್ ಹೊಲಿಯುವ ಹಳೆಯ ಕುಶನ್ ಕೆಲಸದವರನ್ನು ನಾನು ನಂಬುತ್ತೇನೆ. ನನ್ನ ಎರಡನೆಯ ಕೆಲಸ ಮಾಡಿದ ಹಿರಿಯರು ಅಂಥವರು. ಸ್ಪೋರ್ಟ್ಸ್ ಕಾರನ್ನು ಅವರು ಹಿಂದೆಂದೂ ಮುಟ್ಟಿರಲಿಲ್ಲ. ಆದರೆ ಹಳೆಯ ಕವರನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸವರಿ, “ಇದರ ಹೊಲಿಗೆ ಬಿಚ್ಚಿ ಒಂದೊಂದು ತುಂಡಿಗೂ ನಂಬರ್ ಹಾಕಿ ತನ್ನಿ, ಉಳಿದದ್ದು ನನಗೆ ಬಿಡಿ” ಎಂದರು. ಸವೆದು ಹಿಗ್ಗಿದ ತುಂಡಿನ ಅಳತೆ ಹಿಡಿಯದೆ, ಪಕ್ಕದ ಸೀಟಿನ ಸವೆಯದ ತುಂಡನ್ನು ತಿರುಗಿಸಿಟ್ಟು ಚಾಲಕನ ಸೀಟಿಗೆ ಅಚ್ಚು ತೆಗೆದರು. ಆ ಉಪಾಯ ನನಗೆ ಹೊಳೆದಿರಲೇ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಅವರ ಬಳಿ ಹೋಗಬೇಡಿ. ಮಳೆಗೆ ಮುಂಚಿನ ಟರ್ಪಾಲು, ಆಟೊ ಹುಡ್ ಕೆಲಸದಲ್ಲಿ ಅವರಿಗೆ ತಲೆಯೆತ್ತಲು ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲಿ ಫೋಮ್‌ಗೆ ಹಚ್ಚುವ ಅಂಟಿನ ಮೇಲೆ ಗಾಳಿಯ ತೇವ ಕೂತು ಹಿಡಿತ ಕೆಡುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣ ದಿನಗಳು ಎಲ್ಲಕ್ಕಿಂತ ಸರಿ. ಕೆಲಸ ಮುಗಿದ ಮೇಲೆ ಹಳೆಯ ಕವರಿನ ತುಂಡುಗಳನ್ನು, ನಂಬರ್ ಸಮೇತ, ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಅಟ್ಟದಲ್ಲಿಡಿ. ನನ್ನವು ಒಲೆಯ ಮೇಲಿನ ಅಟ್ಟದಲ್ಲಿವೆ, ಅಲ್ಲಿ ಮಳೆಗಾಲದಲ್ಲೂ ಬೂಷ್ಟು ಹಿಡಿಯುವುದಿಲ್ಲ.